ಬಿಚ್ಚುವ ಸಾಲು ಬರೆಯದ ಹಾಳೆ

ಕಳೆದ ಮಂಗಳವಾರ, ಬೆಳಿಗ್ಗೆ ಏಳೂ ಕಾಲು. ಸ್ಥಳ: ಸಿಂಗಸಂದ್ರದಲ್ಲಿ ನಾನು ಹೋಗುವ ಫಿಸಿಯೋಥೆರಪಿ ಕ್ಲಿನಿಕ್. ಹಾಜರಿದ್ದವರು: ಫಿಸಿಯೋ ಕಿರಣ್, ಟೈಲ್ಸ್ ಹಾಕುವ ಮೇಸ್ತ್ರಿ ಹನುಮಪ್ಪ, ಮತ್ತು ಆಪರೇಷನ್ ಮಾಡಿ ಹಾಕಿದ, ಒಂಬತ್ತು ವಾರದ ಹೊಸ ಮಂಡಿಯೊಂದಿಗೆ ನಾನು.

ಹನುಮಪ್ಪ ಮಂಚದ ಮೇಲೆ ಕೂತು ಬರ್ಮುಡಾ ಮೇಲಕ್ಕೆ ಸರಿಸಿದ. ತೊಡೆಯ ಸುತ್ತ ನೀಲಿಗಟ್ಟಿದ ಒಂದು ಪಟ್ಟೆ.

"ಏನಣ್ಣ ಇದು? ಏನ್ ಕಟ್ಕೊಂಡಿದ್ರಿ?" ಕಿರಣ್ ದನಿ ಏರಿತು.

"ಸೈಕಲ್ ಟ್ಯೂಬ್ ರೀ."

"ಯಾರ್ ಹೇಳಿದ್ದು ನಿಮ್ಗೆ?"

ಪಾಪ, ಹನುಮಪ್ಪನ ಕಣ್ಣು ನನ್ನ ಕಡೆ ತಿರುಗಿತು.

ವಿಷಯ ಮೊದಲಿನಿಂದ ಹೇಳುತ್ತೇನೆ. ಮೂಳೆಯ ಆಪರೇಷನ್ ಆದ ಮೇಲೆ ತೊಡೆಯ ಸ್ನಾಯು ಸೊರಗುತ್ತದೆ. ಅದು ತುಂಬಿಕೊಳ್ಳಬೇಕಾದರೆ ಭಾರ ಎತ್ತಬೇಕು. ಆದರೆ ಭಾರ ಎತ್ತುವಷ್ಟು ಕಾಲು ಇನ್ನೂ ಗಟ್ಟಿಯಾಗಿರುವುದಿಲ್ಲ. ಏನು ಮಾಡುವುದು? ಬಿಪಿ ನೋಡುವ ಪಟ್ಟಿಯಂಥದ್ದೇ ಅಗಲವಾದ ಪಟ್ಟಿಯನ್ನು ತೊಡೆಗೆ ಸುತ್ತಿ, ಮೆಷಿನ್‌ನಿಂದ ಗಾಳಿ ತುಂಬುತ್ತಾರೆ. ರಕ್ತದ ಹರಿವು ಕಡಿಮೆಯಾಗುತ್ತದೆ. ಆಗ ಒಂದು ಕಿಲೋ ಎತ್ತಿದರೂ ಸ್ನಾಯು ಅಕ್ಕಿಮೂಟೆ ಎತ್ತಿದಷ್ಟು ದಣಿಯುತ್ತದೆ. ಕಿರಣ್ ಇದಕ್ಕೆ ಬಿಎಫ್ಆರ್ ಅನ್ನುತ್ತಾನೆ. ಮೂವತ್ತು ಸಲ, ಅರ್ಧ ನಿಮಿಷ ವಿರಾಮ, ಆಮೇಲೆ ಹದಿನೈದರಂತೆ ಮೂರು ಸುತ್ತು. (ಕೊನೆಯ ಸುತ್ತಿಗೆ ತೊಡೆಯೊಳಗೆ ಯಾರೋ ಒಲೆ ಹಚ್ಚಿದ ಹಾಗಿರುತ್ತದೆ. ಆಗ ನಾನು ಕಿರಣ್‌ಗೆ ಏನು ಅನ್ನುತ್ತೇನೆ ಎಂಬುದು ಅಚ್ಚಿಗೆ ಯೋಗ್ಯವಲ್ಲ.) ಪ್ರತಿ ಸಲವೂ ಅವನು ಕಾಲಿನ ನಾಡಿಯ ಸದ್ದು ಕೇಳಿ, ಅವತ್ತಿಗೆ ಎಷ್ಟು ಗಾಳಿ ಎಂದು ಲೆಕ್ಕ ಹಾಕಿಯೇ ತುಂಬುವುದು.

ಇನ್ನು ನನ್ನ ವಿಷಯ. ಪೀಣ್ಯದ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವಳು. ಮೆಷಿನ್ ಪಕ್ಕದಲ್ಲಿ ನೇತು ಹಾಕುವ ಸೂಚನೆಯ ಹಾಳೆ ಬರೆಯುವುದು ನನ್ನ ಕೆಲಸ. ಒಂದು, ಸ್ವಿಚ್ ಹಾಕಿ. ಎರಡು, ಬಾಗಿಲು ಮುಚ್ಚಿ. ನನ್ನ ಹಾಳೆ ಓದಿ ಯಾರೂ ಬೆರಳು ಕಳೆದುಕೊಂಡಿಲ್ಲ ಎಂಬ ಹೆಮ್ಮೆಯೂ ಇತ್ತು.

ಹನುಮಪ್ಪ ಕೊಪ್ಪಳದ ಕಡೆಯವನು. ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ಮಂಡಿಯ ಕೆಳಗೆ ಮೂಳೆ ಮುರಿದು, ಪ್ಲೇಟ್ ಹಾಕಿದ್ದಾರೆ. ಟೈಲ್ಸ್ ಕೆಲಸವೆಂದರೆ ದಿನವಿಡೀ ಕುಕ್ಕರಗಾಲಲ್ಲಿ ಕೂರುವ ಕೆಲಸ. ಅವನ ತಂಡಕ್ಕೆ ಸರ್ಜಾಪುರದಲ್ಲಿ ದೊಡ್ಡ ಅಪಾರ್ಟ್‌ಮೆಂಟಿನ ಕೆಲಸ ಸಿಕ್ಕಿತ್ತು. ಮುಂದಿನ ಸೋಮವಾರ ಶುರು. ಇವನು ಹೋಗದಿದ್ದರೆ ಆ ಜಾಗಕ್ಕೆ ಬೇರೆ ಮೇಸ್ತ್ರಿ.

"ಅಮ್ಮಾರ, ಇದೆಲ್ಲಾ ಒಂದ್ ಹಾಳ್ಯಾಗ ಬರದ್ ಕೊಡ್ರಿ. ನನಗ ಮರತ ಹೋಗ್ತದ" ಎಂದು ಅವನು ಕೇಳಿದ್ದು ಆ ಮಂಗಳವಾರಕ್ಕೆ ಒಂದು ವಾರ ಮೊದಲು, ನನ್ನ ತೊಡೆಗೆ ಪಟ್ಟಿ ಸುತ್ತಿದ್ದಾಗ.

ನಿವೃತ್ತಿಯಾದವರ ಹತ್ತಿರ ಯಾರಾದರೂ ಏನನ್ನಾದರೂ ಕೇಳಿದರೆ ಆಗುವ ಸಂತೋಷ ನಿಮಗೆ ಗೊತ್ತೆ? ಸ್ಕೇಲ್ ಇಟ್ಟು ಗೆರೆ ಎಳೆದು ಎಂಟು ಸಾಲು ಬರೆದುಕೊಟ್ಟೆ. ಮೊದಲನೆಯದು, ಪಟ್ಟಿ ಬಿಗಿಯಿರಿ. ಎಂಟನೆಯದು, ನೀರು ಕುಡಿಯಿರಿ.

"ಎಷ್ಟೊತ್ತು ಕಟ್ಟಿದ್ರಿ ಅಣ್ಣ?" ಕಿರಣ್ ಕೇಳುತ್ತಿದ್ದ.

"ಎಂಟೂ ಮುಗಿಯೂತನಕ ರೀ. ಮುಕ್ಕಾಲ್ ತಾಸು. ದಿನಾ."

"ಕಾಲು ಜೋಮು ಹಿಡೀಲಿಲ್ವಾ? ಬಿಚ್ಚಬೇಕು ಅನ್ನಿಸ್ಲಿಲ್ವಾ?"

"ಹಿಡೀತ್ರೀ. ಆದ್ರ ಬಿಚ್ಚು ಅಂತ ಬರದಿಲ್ಲಲ್ರೀ."

ನಿಜ. ಬರೆದಿರಲಿಲ್ಲ. ಕ್ಲಿನಿಕ್ಕಿನಲ್ಲಿ ಕೆಲವೇ ನಿಮಿಷಕ್ಕೆ ಮೆಷಿನ್ ತಾನಾಗಿಯೇ ಗಾಳಿ ಬಿಡುತ್ತದೆ. ನಾನು ಒಂದು ದಿನವೂ ಕೈಯಾರೆ ಬಿಚ್ಚಿರಲಿಲ್ಲ. ಹಾಗಾಗಿ ಆ ಸಾಲು ನನಗೆ ಹೊಳೆದೇ ಇರಲಿಲ್ಲ. ಇದನ್ನು ಮನೆಯಲ್ಲಿ ಮಾಡಬಾರದು ಎಂಬ ಸಾಲೂ ಇರಲಿಲ್ಲ.

ಕಿರಣ್ ಅವನ ಮೀನಖಂಡ ಒತ್ತಿ ನೋಡಿದ. ಬಾವು ಇತ್ತು. ನನ್ನನ್ನು ಪಕ್ಕಕ್ಕೆ ಕರೆದ. "ಆಂಟಿ, ರಕ್ತ ಹೆಪ್ಪುಗಟ್ಟಿದ್ರೆ ಡೇಂಜರ್. ಅದು ಶ್ವಾಸಕೋಶಕ್ಕೆ ಹೋಗ್ಬಹುದು. ಈಗ್ಲೇ ಸ್ಕ್ಯಾನ್ ಆಗ್ಬೇಕು."

ಎಂಟಕ್ಕೆ ಆಟೋ, ನಾನೂ ಹನುಮಪ್ಪನೂ. ಎಂಟೂವರೆಗೆ ಆಸ್ಪತ್ರೆ. ಆಮೇಲೆ ಮೂರು ಗಂಟೆ ಪ್ಲಾಸ್ಟಿಕ್ ಕುರ್ಚಿ.

"ತಪ್ಪು ನಂದಪ್ಪ" ಅಂದೆ.

"ಬಿಡ್ರಿ ಅಮ್ಮಾರ. ಅಕ್ಷರ ಭಾಳ ಚಂದ ಅದಾವ ನಿಮ್ವು."

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೂತಲ್ಲೇ ನಮ್ಮ ಅಪಾರ್ಟ್‌ಮೆಂಟ್ ನೆನಪಾಯಿತು. ನನ್ನ ಪಕ್ಕದ ಮನೆಯಾಕೆ ಕರಿಬೇವು ಕೊಟ್ಟಷ್ಟು ಸಲೀಸಾಗಿ ಬಾಲ್ಕನಿಯಿಂದ ಗ್ಯಾಸ್ಟ್ರಿಕ್ ಮಾತ್ರೆ ದಾಟಿಸುತ್ತಾರೆ. ಮೂರನೇ ಮಹಡಿಯ ಯಜಮಾನರು ತಮ್ಮ ಶುಗರ್ ಕಷಾಯವನ್ನು ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಇವರನ್ನೆಲ್ಲ ನೋಡಿ ನಕ್ಕವಳು ನಾನು! ನಾನಾದರೂ ಏನು ಮಾಡಿದೆ? ಸ್ಕೇಲ್ ಇಟ್ಟು ಗೆರೆ ಎಳೆದೆ, ಅಷ್ಟೇ ವ್ಯತ್ಯಾಸ.

ಹನ್ನೊಂದೂ ನಲವತ್ತಕ್ಕೆ ವರದಿ ಬಂತು. ಹೆಪ್ಪುಗಟ್ಟಿಲ್ಲ. (ನನ್ನ ಉಸಿರು ಬಂದದ್ದೂ ಆಗಲೇ.) ಆದರೆ ಹತ್ತು ದಿನ ಕಾಲಿಗೆ ಪೂರ್ತಿ ವಿಶ್ರಾಂತಿ. ಆಮೇಲೂ ಸದ್ಯಕ್ಕೆ ಕುಕ್ಕರಗಾಲು ಬೇಡ, ನಿಂತು ಮಾಡುವ ಹಗುರ ಕೆಲಸವಾದರೆ ಸರಿ ಎಂದರು ಡಾಕ್ಟರು. ಅಂದರೆ ಸೋಮವಾರ ಹೋಯಿತು.

ಹನುಮಪ್ಪ ಅಲ್ಲೇ ಕಂಟ್ರಾಕ್ಟರಿಗೆ ಫೋನ್ ಹಚ್ಚಿ ಎಲ್ಲ ಹೇಳಿದ. ಸ್ಪೀಕರಿನಲ್ಲಿ ಉತ್ತರ ಬಂತು. "ಸೈಕಲ್ ಟ್ಯೂಬಾ? ತಲೆಗೂ ಕಟ್ಕೊಂಡಿದ್ಯಾ ಗುರು? ಹತ್ತು ದಿನ ಬಿಟ್ಟು ಬಾ. ನಿಂತ್ಕೊಂಡು ಕಟಿಂಗ್ ಮಾಡು. ಮೂಲೆ ಕಟಿಂಗು ನೀನ್ ಮಾಡ್ದಂಗೆ ಇಲ್ಲಿ ಯಾರ್ ಮಾಡ್ತಾರೆ?"

ಹನುಮಪ್ಪ ಕಣ್ಣೊರೆಸಿಕೊಂಡ. ನಾನು ಕಿಟಕಿ ನೋಡಿದೆ.

ಸಂಜೆ ಆರಕ್ಕೆ, ಅವನು ತಂಡದವರೊಂದಿಗೆ ಇರುವ ರೂಮಿಗೆ ಹೋದೆ. ನನ್ನ ಹಾಳೆಯನ್ನು ಕ್ಯಾಲೆಂಡರ್ ಪಕ್ಕ ಗೋಡೆಗೆ ಅಂಟಿಸಿದ್ದರು. ಕಿತ್ತು ನಾಲ್ಕು ತುಂಡು ಮಾಡಿದೆ.

"ಅಯ್ಯ, ಹರದ್ರ ಏನಾತು ಬಿಡ್ರಿ" ಅಂದ ರೂಮಿನ ಜೊತೆಗಾರನೊಬ್ಬ. "ನಾವೆಲ್ಲಾ ಫೋಟೋ ಹೊಡಕೊಂಡೀವಿ."

ಒಬ್ಬೊಬ್ಬರನ್ನೇ ಸಾಲಾಗಿ ನಿಲ್ಲಿಸಿ ಮೂರು ಫೋನುಗಳಿಂದ ಅಳಿಸಿದೆ. ಒಂದು ಫೋಟೋ ಮಾತ್ರ ಊರು ಸೇರಿತ್ತು. ಹನುಮಪ್ಪನ ಮಾವನಿಗೆ ಮಂಡಿ ನೋವಂತೆ. ಆಪರೇಷನ್ನೂ ಇಲ್ಲ, ಏನೂ ಇಲ್ಲ, ಬರೀ ವಯಸ್ಸಿನ ನೋವು. ನಂಬರ್ ಇಸಿದುಕೊಂಡು ನಾನೇ ಫೋನ್ ಮಾಡಿದೆ.

"ಇನ್ನೂ ಕಟ್ಟಿಲ್ರೀ ಅಮ್ಮಾರ" ಅಂದರು ಅವರು. "ಟ್ಯೂಬ್ ಈಗಷ್ಟ ತಂದೀನಿ. ಉಂಡ ಮ್ಯಾಲ ಕಟ್ಟೋಣಂತ ಇದ್ದೆ."

ಕಟ್ಟುವುದಿಲ್ಲವೆಂದು ಆಣೆ ಮಾಡಿಸಿ, ಆರೂ ನಲವತ್ತಕ್ಕೆ ಫೋನ್ ಇಟ್ಟೆ. ನಮಗೆ ಒಗ್ಗಿದ್ದನ್ನೆಲ್ಲ ಊರಿಗೆ ಹಂಚದೆ ಒಂದು ದಿನ ಸುಮ್ಮನಿದ್ದರೆ, ನಮಗೆ ಕಳೆದುಹೋಗುವುದಾದರೂ ಏನು?