ಕಿಟಕಿಯ ಈಚೆಗೆ ನಿಂತಿದ್ದ ಆಂಟಿ

ಕಂಪ್ಯೂಟರ್ ಹುಟ್ಟಿದ್ದು ಯಾವುದೋ ಗ್ಯಾರೇಜಿನಲ್ಲಂತೆ, ಇಬ್ಬರು ಹಟಮಾರಿ ಹುಡುಗರ ಕೈಯಲ್ಲಂತೆ. ಅಮೆರಿಕದ ನಮ್ಮ ಈ ಸ್ಟರ್ಲಿಂಗ್ ಊರಿನಲ್ಲಿ ಯಾರ ಮನೆಯ ಪಾರ್ಟಿಗೆ ಹೋದರೂ ಒಬ್ಬರಾದರೂ ಈ ಕಥೆ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಗ್ಯಾರೇಜಿಗೆ ಬರುವ ಎಷ್ಟೋ ವರ್ಷ ಮೊದಲೇ ಅದು ವಿಶ್ವವಿದ್ಯಾಲಯಗಳಲ್ಲಿ, ಸೈನ್ಯದ ದುಡ್ಡಿನಲ್ಲಿ, ಫಿರಂಗಿಯ ಗುಂಡು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕುತ್ತಾ ಬೆಳೆದಿತ್ತು. ಇದನ್ನು ನನಗೆ ಮೊದಲು ಹೇಳಿದವರು ನಮ್ಮ ಎದುರು ಮನೆಯ ಆಂಟಿ.

ಮೊನ್ನೆ ಸಾರಿನ ಪುಡಿಯ ಡಬ್ಬ ತೆರೆದಾಗ ಇಂಗು, ಮೆಂತ್ಯದ ಘಾಟಿನ ಜೊತೆಗೆ ಅವರು ಬರೆದುಕೊಟ್ಟಿದ್ದ ಅಳತೆಯ ಚೀಟಿ ಸಿಕ್ಕಿತು. ಚೀಟಿಯೆಂದರೆ ಸಾಲು ಸಾಲು ತೂತು ಬಿದ್ದ ಗಟ್ಟಿ ಕಾರ್ಡು. ಹಳೆಯ ಕಂಪ್ಯೂಟರಿಗೆ ಏನು ಹೇಳುವುದಿದ್ದರೂ ಇಂಥ ಕಾರ್ಡುಗಳ ಮೂಲಕವೇ ಹೇಳಬೇಕಿತ್ತು...

ಆಂಟಿ ಮೈಸೂರಿನಲ್ಲಿ ಗಣಿತದ ಎಂಎಸ್ಸಿ ಮುಗಿಸಿ, ಅರವತ್ತರ ದಶಕದ ಕೊನೆಗೆ ಮದುವೆಯಾಗಿ ಈ ದೇಶಕ್ಕೆ ಬಂದವರು. ಅವರ ಗಂಡ, ನಾವು ಅಂಕಲ್ ಎನ್ನುತ್ತಿದ್ದವರು, ಅಷ್ಟರಲ್ಲಾಗಲೇ ಇಲ್ಲಿನ ಪೌರರಾಗಿ ಒಂದು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿದ್ದರು. ಸೈನ್ಯದ ಹಣದ ಲ್ಯಾಬು, ಹಾಗಾಗಿ ಪೌರರಲ್ಲದವರಿಗೆ ಯಂತ್ರದ ಕೋಣೆಯೊಳಗೆ ಪ್ರವೇಶವಿರಲಿಲ್ಲ. ಅದೇ ಲ್ಯಾಬಿನ ದಾಖಲೆಯಲ್ಲಿ ಆಂಟಿಯ ಕೆಲಸ ಕಾರ್ಡಿಗೆ ತೂತು ಹಾಕುವುದು, ಅಷ್ಟೇ. ನಿಜದಲ್ಲಿ ಪ್ರೋಗ್ರಾಂ ಬರೆಯುತ್ತಿದ್ದವರೇ ಅವರು. ಕಾರ್ಡುಗಳನ್ನು ಗೋಡೆಯ ಕಿಟಕಿಯಿಂದ ಒಳಗೆ ಕೊಡುವುದು. ಮರುದಿನ ಅದೇ ಕಿಟಕಿಯಲ್ಲಿ ಉತ್ತರ ಅಚ್ಚಾದ ಕಾಗದ ಈಚೆಗೆ ಬರುವುದು. ಒಳಗೆ ನಿಂತು ತೆಗೆದುಕೊಳ್ಳುತ್ತಿದ್ದವರು ಅಂಕಲ್.

"ಎರಡು ವರ್ಷ ಆ ಮಶೀನ್‌ಗೆ ಪಾಠ ಹೇಳಿದೀನಿ ಕಣೇ, ಒಂದಿನಾನೂ ಅದರ ಮುಖ ನೋಡಿಲ್ಲ," ಎಂದು ಆಂಟಿ ನಗುತ್ತಿದ್ದರು. "ನಮ್ಮತ್ತೆ ಫೋಟೋ ನೋಡಿಯಾದ್ರೂ ನನ್ನ ಒಪ್ಕೊಂಡ್ರು. ನಂಗೆ ಇದರ ಫೋಟೋನೂ ತೋರಿಸ್ಲಿಲ್ಲ."

ನನಗೆ ನಗು ಬರುತ್ತಿರಲಿಲ್ಲ.

ಕೊರೊನಾ ಕಾಲದಲ್ಲಿ ಆ ವಿಶ್ವವಿದ್ಯಾಲಯ ಹಳೆಯ ಲ್ಯಾಬಿನ ನೆನಪಿಗೆ ಆನ್‌ಲೈನ್ ಸಭೆ ಇಟ್ಟಿತು. ಲ್ಯಾಪ್‌ಟಾಪ್ ಸರಿಮಾಡಿಕೊಡಲು ಅಂಕಲ್ ಆಗ ಹೈಸ್ಕೂಲಿನಲ್ಲಿದ್ದ ನನ್ನನ್ನು ಕರೆದಿದ್ದರು. ಗೋಡೆಯ ಮೇಲೆ ಕೆತ್ತಿಸುತ್ತೇವೆ, ಪ್ರೋಗ್ರಾಂ ಬರೆದವರ ಹೆಸರು ಹೇಳಿ ಎಂದು ಸಭೆ ನಡೆಸುತ್ತಿದ್ದವರು ಕೇಳಿದರು. ಅಂಕಲ್ ತಮ್ಮದೂ ಸೇರಿಸಿ ನಾಲ್ಕು ಹೆಸರು ಹೇಳಿದರು. ಪಕ್ಕದಲ್ಲೇ, ಕ್ಯಾಮೆರಾಗೆ ಕಾಣದ ಹಾಗೆ, ಆಂಟಿ ಅವರ ಕಾಫಿ ಲೋಟ ಹಿಡಿದು ನಿಂತಿದ್ದರು...

ಸಭೆ ಮುಗಿದದ್ದೇ ತಡ, ನಾನು ಶುರುಮಾಡಿದೆ. "ಅಂಕಲ್, ಆಂಟಿ ಹೆಸರು ಯಾಕೆ ಹೇಳ್ಲಿಲ್ಲ?"

"ಅವಳು ಅಫಿಷಿಯಲ್ ಆಗಿ ಟೀಮಲ್ಲಿ ಇರ್ಲಿಲ್ಲ ಕಣಮ್ಮ. ಡಿಫೆನ್ಸ್ ಪ್ರಾಜೆಕ್ಟು. ಪರ್ಮಿಷನ್ ಇಲ್ದೆ ಹಾಗೆಲ್ಲ ಹೇಳಕ್ಕಾಗಲ್ಲ."

"ಬಿಡ್ರೀ, ಇದು ಡಿಬೇಟ್ ಟೀಮಿನ ಹುಡುಗಿ, ರಾತ್ರಿ ಊಟಕ್ಕೂ ಬಿಡಲ್ಲ ನಿಮ್ಮನ್ನ," ಎಂದು ಆಂಟಿ ಮಾತು ಮುರಿದರು. ಆದರೆ ಅಡುಗೆಮನೆಯಲ್ಲಿ, ನಲ್ಲಿಯ ಸದ್ದಿನ ಮರೆಯಲ್ಲಿ, ಮೆಲ್ಲಗೆ ಕೇಳಿದರು: "ಗೋಡೆ ಮೇಲೆ ಹೆಸರು ಸೇರಿಸ್ಬೇಕಂದ್ರೆ ಏನು ಮಾಡ್ಬೇಕಂತೆ?"

ನಾನೇ ವಿಶ್ವವಿದ್ಯಾಲಯಕ್ಕೆ ಬರೆದೆ. ಸಾಕ್ಷ್ಯ ಕೊಡಿ ಎಂದರು. ಎಲ್ಲಿಂದ ತರುವುದು? ಸರಿಯಾಗಿ ಓಡಿದ ಕಾರ್ಡುಗಳೆಲ್ಲ ನಿಯಮದ ಪ್ರಕಾರ ಲ್ಯಾಬಿನ ಸೊತ್ತು. ಮನೆಗೆ ತರಲು ಬಿಡುತ್ತಿದ್ದದ್ದು ತೂತು ತಪ್ಪಿ ಬಿದ್ದ ಕಾರ್ಡುಗಳನ್ನು ಮಾತ್ರ. ಅವುಗಳ ಬೆನ್ನಿಗೇ ಆಂಟಿ ಅಡುಗೆಯ ಅಳತೆ ಬರೆದಿಟ್ಟಿದ್ದರು. ಅರ್ಧ ಶತಮಾನದ ಮೇಲೆ ಆ ಹೆಂಗಸಿನ ಬುದ್ಧಿಗೆ ಉಳಿದ ಸಾಕ್ಷಿ ಆಕೆಯ ತಪ್ಪುಗಳು! ಇದಕ್ಕಿಂತ ಅವಮಾನ ಬೇಕೇ?

ಸಾಕ್ಷ್ಯ ಇಲ್ಲವಾದರೆ ಅಂದು ಕೋಣೆಯ ಒಳಗಿದ್ದವರಲ್ಲಿ ಒಬ್ಬರ ಸಹಿ ಸಾಕು ಎಂದಿದ್ದರು. ನಾಲ್ವರಲ್ಲಿ ಬದುಕಿದ್ದವರು ಅಂಕಲ್ ಒಬ್ಬರೇ. ಹೆಸರು ಸೇರಿಸುವ ಅರ್ಜಿಯನ್ನು ಆಂಟಿ ಅವರ ಮೇಜಿನ ಮೇಲಿಟ್ಟರು. ಒಂದು ವಾರ, ಒಂದು ವರ್ಷ... ಸಹಿ ಬೀಳಲಿಲ್ಲ. ಆಂಟಿ ಬಾಯಿಬಿಟ್ಟು ಕೇಳಲಿಲ್ಲ. ನಾನು ಕೇಳುತ್ತೇನೆಂದರೂ ಬಿಡಲಿಲ್ಲ. "ಅವರಿಗೇ ಅನ್ನಿಸ್ಬೇಕು ಕಣೇ."

ಕಳೆದ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಅಂಕಲ್ ಎಲ್ಲರೆದುರು ಎದ್ದು ನಿಂತು, ನನ್ನ ಸಾಧನೆಗೆಲ್ಲ ಅವಳೇ ಬೆನ್ನೆಲುಬು ಎಂದರು. ಬೆನ್ನೆಲುಬಂತೆ! ಮೆದುಳು ಎನ್ನಲು ಏನು ಕಷ್ಟವಿತ್ತು?

ಈ ಭಾನುವಾರ ಅದೇ ಅರ್ಜಿಯನ್ನು ಹೊಸದಾಗಿ ಪ್ರಿಂಟ್ ಮಾಡಿಕೊಂಡು ಹೋದೆ. ಅಂಕಲ್ ಪೂರ್ತಿ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಪೆನ್ನು ಮುಟ್ಟಲಿಲ್ಲ. ಆ ಲ್ಯಾಬು ಮುಚ್ಚಿ ಎಷ್ಟೋ ಕಾಲವಾಗಿದೆ, ತಡೆಯುವ ಅಧಿಕಾರಿಗಳು ಯಾರೂ ಉಳಿದಿಲ್ಲ. ಹೆಸರು ನೋಡಿ ಸಂತೋಷಪಡಬೇಕಾದವರೂ ಈಗಿಲ್ಲ. ಆದರೂ ಕೇಳಿಬಿಟ್ಟೆ:

"ಅಂಕಲ್, ನೀವಿನ್ನೂ ಯಾರ ಪರ್ಮಿಷನ್‌ಗೆ ಕಾಯ್ತಿದೀರ?"