ನಿಲ್ಲಿಸಿ ನಿಲ್ಲಿಸಿ ಕೇಳಿಸಿದ ಮೇಷ್ಟ್ರು

ಸಾಗರದ ಹಾರ್ಡ್‌ವೇರ್ ಅಂಗಡಿಯೊಂದರ ಮಾಳಿಗೆಯಲ್ಲಿ, ವಿದೇಶಕ್ಕೆ ಹೋಗುವವರನ್ನು ಇಂಗ್ಲಿಷ್ ಪರೀಕ್ಷೆಗೆ ತಯಾರು ಮಾಡುವ ಮೇಷ್ಟ್ರೊಬ್ಬರಿದ್ದರು. ನಾನೂ ಮೂರು ತಿಂಗಳು ಅವರ ಶಿಷ್ಯನಾಗಿದ್ದೆ. ಕೇಳಿ ಅರ್ಥಮಾಡಿಕೊಳ್ಳುವ ಪಾಠವೆಂದರೆ ಅವರಿಗೆ ಪ್ರಾಣ. ಮೊಬೈಲಿನ ರೆಕಾರ್ಡಿಂಗಿನೊಳಗಿನ ಇಂಗ್ಲಿಷ್ ದೊರೆ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಮೇಷ್ಟ್ರ ಹೆಬ್ಬೆರಳು ಅವನ ಬಾಯಿ ಮುಚ್ಚಿಸುತ್ತಿತ್ತು. “ತಡೀರಿ, ಅವ ಹೇಳಿದ್ದೆಂತ ಅಂದ್ರೆ...” ಎಂದು ಶುರುವಾದ ಕನ್ನಡ ವ್ಯಾಖ್ಯಾನ ಕಾಲು ಗಂಟೆ ನಡೆಯುತ್ತಿತ್ತು. ಇಂಗ್ಲಿಷ್ ಇಷ್ಟು ಸುಲಭವೇ ಎಂದು ನಾವು ತಲೆದೂಗುತ್ತಿದ್ದೆವು.

ನಮ್ಮ ಜೊತೆ ಹೊಸನಗರದ ನರ್ಸ್ ಒಬ್ಬಳಿದ್ದಳು. ಐರ್ಲೆಂಡಿನ ಆಸ್ಪತ್ರೆಯಲ್ಲಿ ಕೆಲಸ ಗೊತ್ತಾಗಿತ್ತು. ಪರೀಕ್ಷೆ ಪಾಸಾಗುವುದೊಂದೇ ಬಾಕಿ. ಹೋಗಿ ಬರೆದವಳು ಫೇಲಾದಳು. ಆಮೇಲೆ ಒಂದು ತಿಂಗಳು ಮನೆಯಲ್ಲೇ ಕೂತು, ಎಲ್ಲೂ ನಿಲ್ಲಿಸದೆ ಕೇಳಿ ಅಭ್ಯಾಸ ಮಾಡಿ, ನಮಗೂ ಹೇಳಬೇಕೆಂದು ಬಂದಳು.

“ಸರ್, ಅಲ್ಲಿ ಯಾರೂ ನಿಲ್ಸೋದೇ ಇಲ್ಲ. ನಿಲ್ಸ್ತಾರೆ ಅಂತ ನಾ ಕಾಯ್ತಾ ಕೂತೆ...”

“ತಡಿ,” ಎಂದು ಮೇಷ್ಟ್ರು ನಮ್ಮತ್ತ ತಿರುಗಿದರು. “ಇವ್ಳು ಹೇಳಿದ್ದೆಂತ ಅಂದ್ರೆ...”

ಅವಳು ಮೇಜಿನ ಮೇಲಿದ್ದ ಮೊಬೈಲ್ ಎತ್ತಿಕೊಂಡು ಪಾಠ ಹಾಕಿ, ಯಾರಿಗೂ ಸಿಗದಂತೆ ಹಿಡಿದುಕೊಂಡಳು. ದೊರೆ ಮೊದಲ ಬಾರಿಗೆ ಐದು ನಿಮಿಷ ಎಡೆಬಿಡದೆ ಮಾತಾಡಿದ. ಮೇಷ್ಟ್ರ ಹೆಬ್ಬೆರಳು ಗಾಳಿಯನ್ನೇ ಎರಡು ಸಲ ಒತ್ತಿ ಸುಮ್ಮನಾಯಿತು.

ಮುಗಿದ ಮೇಲೆ ಅವರು ಮೆಲ್ಲಗೆ ಕೇಳಿದರು: “ಅವ ಹೇಳಿದ್ದೆಂತ ಮಾರಾಯ್ತಿ?”

ಅವಳು ಮತ್ತೆ ಮೊದಲಿನಿಂದ ಹಾಕಿ, ಒಂದೊಂದು ವಾಕ್ಯಕ್ಕೂ ನಿಲ್ಲಿಸಿ, ಕನ್ನಡದಲ್ಲಿ ಹೇಳಿಕೊಟ್ಟಳು.

ಎರಡನೇ ಸಲ ಅವಳು ಪಾಸಾದಾಗ ಮಾಳಿಗೆಗೆ ಹೊಸ ಬೋರ್ಡು ಬಂತು. ಅದರಲ್ಲಿ ಅವಳ ಫೋಟೋ ಚಿಕ್ಕದಾಗಿತ್ತು, ಮೇಷ್ಟ್ರದ್ದು ದೊಡ್ಡದಾಗಿತ್ತು.