ಗಿಳಿ ಮೊದಲಿಂದ ಹೇಳಿದ ಮಾತು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಗಿಳಿ ಎಂದೇ ಕರೆಯುತ್ತಿದ್ದರು. ಪರಭಾಷೆಯವರು ಆಡಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುವುದು ಅವಳ ಕೆಲಸ. "ಏನೇ ಗಿಳಿ, ನಿನ್ನ ಸ್ವಂತ ಮಾತು ಆಡೋದು ಯಾವಾಗ?" ಎಂದು ಕೆಣಕಿದರೆ, "ಸಂಬಳ ತಡವಾದಾಗ ಕಣೇ" ಎನ್ನುತ್ತಿದ್ದಳು. ಅವಳು ತೀರಿಹೋಗಿ ತಿಂಗಳಾಯಿತು. ಮಧ್ಯಾಹ್ನ ಚಹಾದ ಹೊತ್ತಿಗೆ ನಾನು ಈಗಲೂ ಎರಡು ಲೋಟ ತೊಳೆಯುತ್ತೇನೆ.

ದುಭಾಷಿಗಳಲ್ಲಿ ಒಂದು ಕಟ್ಟುಪಾಡಿದೆ. ‘ಅವನು ಹೀಗೆಂದ’ ಎನ್ನುವಂತಿಲ್ಲ. ಆಡಿದವನೇ ತಾನಾಗಿ ‘ನಾನು’ ಎಂದೇ ಹೇಳಬೇಕು. ತಲೆ ನೆರೆತ ಮೇಲೂ ಇವಳು ಆಸ್ಪತ್ರೆಯಲ್ಲಿ ಯಾರದೋ ಪರವಾಗಿ "ನಾನೀಗ ಬಸುರಿ" ಎಂದು ಗಂಭೀರವಾಗಿ ಹೇಳಿ, ಡಾಕ್ಟರನ್ನು ನಗಿಸಿ ಬಂದಿದ್ದಳು.

ಒಮ್ಮೆ ಪೊಲೀಸ್ ಇಲಾಖೆಯಿಂದ ಒಂದು ಧ್ವನಿಮುದ್ರಣ ಬಂತು. ಬೇರೊಂದು ದೇಶದ ಪೊಲೀಸರು ಹಿಡಿದವನೊಬ್ಬನ ಹೇಳಿಕೆ. ನಮ್ಮೂರಿನ ಬಸ್ ಮೆಕ್ಯಾನಿಕ್ ಒಬ್ಬ ರೈಲಿನಲ್ಲಿ ಬಾಂಬಿಡಲು ಒಪ್ಪಿದ್ದಾನೆ ಎಂದು ಅದರಲ್ಲಿತ್ತು. ಅದೊಂದೇ ಮಾತಿನ ಮೇಲೆ ಮೆಕ್ಯಾನಿಕ್ ಜೈಲಿನಲ್ಲಿದ್ದ. ಆದರೆ ಆ ಮಾತಿಗೆ ಮುಂಚೆ ಏಟಿನ ಸದ್ದಿತ್ತು, ಗೋಗರೆತವಿತ್ತು.

"ಅದೆಲ್ಲ ಬೇಡಮ್ಮ, ಹೆಸರು ಬರೋ ಜಾಗದಿಂದ ಶುರು ಮಾಡಿ" ಅಂದರಂತೆ ಅಧಿಕಾರಿ. "ನಾವೇನು ಹೊಡೆದಿಲ್ವಲ್ಲ. ಬಂದ ಮಾಹಿತಿ ಬಳಸ್ಕೋತೀವಿ, ಅಷ್ಟೆ. ನಾಳೆ ರೈಲು ಸಿಡಿದ್ರೆ ನೀವು ಉತ್ತರ ಕೊಡ್ತೀರಾ?"

ಆ ಪ್ರಶ್ನೆ ಅವಳಿಗೆ ನಾಟಿತ್ತು. ಮಗಳು ಕೆಲಸಕ್ಕೆ ಹೋಗುತ್ತಿದ್ದುದೇ ಆ ರೈಲಿನಲ್ಲಿ. ಸಂಜೆ ನನ್ನ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತ ಕೇಳಿದಳು:

"ಅದು ನಿಜವೇ ಆಗಿದ್ರೆ?"

"ನಿಜವಾದ್ರೆ ಹುಡುಕಿದಾಗ ಬೇರೆ ಸಾಕ್ಷಿ ಸಿಗುತ್ತೆ."

"ಸಿಗದಿದ್ರೆ? ನಿನಗೇನಮ್ಮ, ಪುಸ್ತಕದ ಬದನೆಕಾಯಿ."

ನಾನು ಸಿಪ್ಪೆಗಳನ್ನು ಒಟ್ಟುಮಾಡಿದೆ. ಅವಳೇ ಮುಂದುವರಿಸಿದಳು: "ರೆಕಾರ್ಡಿಂಗಲ್ಲಿ ಅವನು ಮೊದಲು ಬೇರೆ ಹೆಸರುಗಳನ್ನ ಹೇಳ್ತಾನೆ ಕಣೇ. ಅದಲ್ಲ ಅಂತ ಮತ್ತೆ ಹೊಡೀತಾರೆ. ಮೆಕ್ಯಾನಿಕ್ ಹೆಸರು ಬಂದ ಮೇಲೆ ಏಟು ನಿಲ್ಲುತ್ತೆ. ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡ್ರೆ, ಮಾರೋನು ಇನ್ನೊಂದು ಮನೆಗೆ ಕನ್ನ ಹಾಕಲ್ವಾ?"

ವಿಚಾರಣೆಯ ದಿನ ನಾನು ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅಧಿಕಾರಿ ಹಾಳೆಯ ಮೇಲೆ ಬೆರಳಿಟ್ಟು ಜಾಗ ತೋರಿಸಿದರು. ಗಿಳಿ ಹಾಳೆಯನ್ನು ಮಗುಚಿಟ್ಟಳು. ಕಟ್ಟುಪಾಡಿನಂತೆಯೇ ಶುರು ಮಾಡಿದಳು:

"ಅಯ್ಯೋ, ಹೊಡೀಬೇಡಿ. ಯಾರ ಹೆಸರು ಬೇಕು ನಿಮಗೆ? ಅದನ್ನೇ ಹೇಳ್ತೀನಿ. ನಾನು ಹೇಳ್ತೀನಿ..."

ಅಧಿಕಾರಿ ಧಡಕ್ಕನೆ ಎದ್ದರು. "ಕೂತ್ಕೊಳ್ಳಿ," ಎಂದರು ನ್ಯಾಯಾಧೀಶೆ. "ನೀವು ಮುಂದುವರಿಸಿ, ಅಮ್ಮ."

ಕೊನೆಯವರೆಗೂ ಹೇಳಿದಳು. ಕೈಕಟ್ಟಿ ನಿಂತಿದ್ದ ಮೆಕ್ಯಾನಿಕ್ ತನ್ನ ಹೆಸರು ಹೇಳಿದವನಿಗಾಗಿ ಅಳುತ್ತಿದ್ದ.

ಆ ಹೇಳಿಕೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಹೊಸದಾಗಿ ತನಿಖೆ ನಡೆಸಿದರೂ ಏನೂ ಸಿಗದೆ ಮೆಕ್ಯಾನಿಕ್ ಮನೆ ಸೇರಿದ. ಗಿಳಿಯನ್ನು ನೀರು ಸರಬರಾಜಿನ ಪ್ರಕಟಣೆಗಳಿಗೆ ಹಾಕಿದರು. "ನಾನೀಗ ನಲ್ಲಿ ಕಣೇ," ಎಂದು ನಕ್ಕಳು. "ನಾಳೆ ನಾನು ಬರಲ್ಲ, ತುಂಬಿಸಿಟ್ಕೋ."

ಮೊನ್ನೆ ಅದೇ ಬೆಂಚಿನಲ್ಲಿ ಹೋಗಿ ಕೂತೆ. ಹೊರಗಿನಿಂದ ಬಂದ ಇನ್ನೊಂದು ಧ್ವನಿಮುದ್ರಣ, ದುಭಾಷಿ ಒಬ್ಬ ಹೊಸ ಹುಡುಗಿ. ಈ ಸಲ ಯಾರೂ ಜಾಗ ತೋರಿಸಲಿಲ್ಲ. "ಗೊತ್ತಲ್ಲ, ಮೊದಲಿಂದ," ಎಂದರು ನ್ಯಾಯಾಧೀಶೆ. ಆ ಹುಡುಗಿ ಗಂಟಲು ಸರಿಮಾಡಿಕೊಂಡು "ನಾನು" ಎಂದಳು.